ಕಲಾಸಿಪಾಳ್ಯದ ಕಾರ್ಬುರೇಟರ್ ಯಜಮಾನರು: ನಮ್ಮ ಜಿಪ್ಸಿಯ ಐಡ್ಲಿಂಗ್ ಸರಿಹೋದ ಕಥೆ

ಹಳೇ ಜಿಪ್ಸಿ, ಹಳೇ ಜೀಪು ಇಟ್ಟುಕೊಂಡು ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತೆ ಅಂತ ಒದ್ದಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ, ಅದನ್ನು ಬಲ್ಲವರು ಬೆಂಗಳೂರಲ್ಲಿ ಇನ್ನೂ ಇದ್ದಾರೆ. ನಾನು ಹೋದ ಅಂಗಡಿ ಜೆ.ಸಿ. ರಸ್ತೆ ದಾಟಿ ಕಲಾಸಿಪಾಳ್ಯದ ಒಳಗಲ್ಲಿಯಲ್ಲಿದೆ. ಬೋರ್ಡ್ ಇಲ್ಲ. ಹೆಸರು ಹಾಕಬೇಡಿ, ಈಗಲೇ ಕೆಲಸ ಜಾಸ್ತಿ ಇದೆ ಅಂತ ಅವರೇ ಕೇಳಿಕೊಂಡರು, ಅದಕ್ಕೆ ಹಾಕಿಲ್ಲ. ಜೆ.ಸಿ. ರಸ್ತೆಯ ಯಾವುದೇ ಸ್ಪೇರ್ಸ್ ಅಂಗಡಿಯಲ್ಲಿ ಕಾರ್ಬುರೇಟರ್ ಯಜಮಾನರು ಎಲ್ಲಿ ಅಂತ ಕೇಳಿ, ಕೈ ತೋರಿಸುತ್ತಾರೆ.

ನನ್ನದು 1998ರ ಜಿಪ್ಸಿ ಕಿಂಗ್. 1.3 ಲೀಟರ್ ಇಂಜಿನ್, ಕೆಎ-19 ನಂಬರು, ಮಂಗಳೂರಿನಿಂದ ತಂದದ್ದು. ಆಮೇಲೆ ಬಂದ ಜಿಪ್ಸಿಗಳಲ್ಲಿ ಕಾರ್ಬುರೇಟರ್ ಬದಲು ಎಂಪಿಎಫ್ಐ, ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದೆ, ಈ ತಲೆನೋವು ಅವಕ್ಕೆ ಇಲ್ಲ. ಆದರೂ ನನಗೆ ಈ ಗಾಡಿಯೇ ಬೇಕು. ಮಾಗಡಿ ಹತ್ತಿರ ಭಾವನವರ ತೋಟಕ್ಕೆ ಹೋಗುವ ದಾರಿಯಲ್ಲಿ ಕೊನೆಯ ಎರಡು ಕಿಲೋಮೀಟರ್ ಬರೀ ಬಂಡೆ, ಕೊರಕಲು. ಅಲ್ಲಿ ಇದು ಹತ್ತುವ ಹಾಗೆ ನಾನು ಓಡಿಸಿದ ಬೇರೆ ಯಾವ ಗಾಡಿಯೂ ಹತ್ತಿಲ್ಲ.

ತೊಂದರೆ ಶುರುವಾಗಿದ್ದು ಮಳೆಗಾಲ ಮುಗಿದ ಮೇಲೆ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಸರಿಯಾಗೇ ಇರುತ್ತಿತ್ತು. ಇಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಕೂಡಲೇ ನಡುಗಲು ಶುರು. ಕಾಲು ತೆಗೆದರೆ ಆಫ್. ಚೋಕ್ ಒಂದು ಬೆರಳಷ್ಟು ಹೊರಗೆ ಎಳೆದಿಟ್ಟರೆ ನಡುಕ ನಿಂತು ಸರಿಹೋಗುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಸಂಜೆ ಏಳು ಸಲ ಆಫ್ ಆಯಿತು, ಹಿಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ನನ್ನ ಹೆಂಡತಿ, ಯಾರಿಗೆ ಸಮಾಧಾನ ಹೇಳಲಿ?

ಮೊದಲು ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿ ಬಾನೆಟ್ ಎತ್ತಿ ಐದು ನಿಮಿಷದಲ್ಲಿ ಸ್ಪೀಡ್ ಸ್ಕ್ರೂ ತಿರುಗಿಸಿ ಐಡ್ಲಿಂಗ್, ಅಂದರೆ ರೇಸ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗ, 1,400 ಆರ್‌ಪಿಎಂಗೆ ಏರಿಸಿ ಕಳಿಸಿದರು. ಸಿಗ್ನಲ್‌ನಲ್ಲಿ ಆಫ್ ಆಗುವುದು ನಿಂತಿತು, ನಿಜ. ಆದರೆ ತೋಟದ ಇಳಿಜಾರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕಿ ಮೊದಲನೇ ಗೇರಿನಲ್ಲಿ ಇಳಿಯುವಾಗ ಗಾಡಿ ನನ್ನನ್ನೇ ಮುಂದಕ್ಕೆ ದೂಡಿಕೊಂಡು ಹೋಗುತ್ತಿತ್ತು. ಇಂಜಿನ್ ಬ್ರೇಕಿಂಗ್ ಅನ್ನೋದೇ ಇಲ್ಲ. ಸುಮ್ನೆ ಬ್ರೇಕ್ ಮೇಲೆ ನಿಂತುಕೊಂಡೇ ಇಳಿಯಬೇಕು. ಆಫ್‌ರೋಡ್ ಓಡಿಸುವವರಿಗೆ ಗೊತ್ತಿರುತ್ತೆ, ಐಡ್ಲಿಂಗ್ ಅಂದರೆ ಸಿಗ್ನಲ್‌ನಲ್ಲಿ ನಿಲ್ಲೋಕೆ ಮಾತ್ರ ಅಲ್ಲ. ಎರಡೂ ಪೆಡಲ್ ಬಿಟ್ಟು ಗಾಡಿಯನ್ನು ಅದರ ಪಾಡಿಗೆ ತೆವಳಲು ಬಿಡುವುದು ಅದರ ಮೇಲೇ ನಿಂತಿದೆ.

ಎರಡನೇ ಗ್ಯಾರೇಜಿನಲ್ಲಿ ಸ್ಪೀಡ್ ಇಳಿಸಿ, ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರು. ಒಂದು ವಾರ ಸರಿ, ಮತ್ತೆ ಅದೇ ಹಾಡು. ಆ ವಾರಾಂತ್ಯ ತೋಟದ ಇಳಿಜಾರಿನ ಮಧ್ಯದಲ್ಲೇ ಇಂಜಿನ್ ನಿಂತಿತು. ಹ್ಯಾಂಡ್ ಬ್ರೇಕ್ ಎಳೆದು, ಭಾವ ಇಳಿದು ಚಕ್ರಕ್ಕೆ ಕಲ್ಲು ಕೊಡುವವರೆಗೆ ನನಗೆ ಉಸಿರೇ ಇರಲಿಲ್ಲ. ಮೂರನೆಯವರು ಕೈ ಹಾಕುವ ಮೊದಲೇ ಹೊಸ ಕಾರ್ಬುರೇಟರ್ ಹಾಕಿಸಿ, 9,000 ಆಗುತ್ತೆ ಅಂದರು. ಒರಿಜಿನಲ್ ಅಲ್ಲ, ಡೂಪ್ಲಿಕೇಟ್ ಮಾಲು. ಅಲ್ಲಿಂದ ಎದ್ದು ಬಂದೆ.

ಯಜಮಾನರ ಹತ್ತಿರ ಹೋಗಿದ್ದು ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ. ವಯಸ್ಸು ಎಪ್ಪತ್ತರ ಹತ್ತಿರ ಇರಬೇಕು. ಬಾನೆಟ್ ಎತ್ತಿದರು, ಕಾರ್ಬುರೇಟರ್ ಮೇಲಿನ ಸ್ಕ್ರೂ ತಲೆಗಳನ್ನು ನೋಡಿದರು, ನನ್ನ ಕಡೆ ತಿರುಗಿದರು.

"ಎಷ್ಟು ಜನ ಕೈ ಇಟ್ಟಿದಾರೆ ಸಾರ್ ಇದ್ರ ಮೇಲೆ?"

ಇಬ್ಬರು ಅಂದೆ.

"ಎಲ್ರೂ ಸ್ಕ್ರೂನೇ ತಿರುಗ್ಸಿದಾರೆ. ಗಾಳಿ ಎಲ್ಲಿಂದ ಬರ್ತಿದೆ ಅಂತ ಒಬ್ರೂ ನೋಡಿಲ್ಲ."

ಆಮೇಲೆ ಒಂದು ಗಂಟೆ ಅವರು ಸ್ಕ್ರೂ ಮುಟ್ಟಲೇ ಇಲ್ಲ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅದೇ. ಮೊದಲು ಚಾವಿ ಆನ್ ಮಾಡಿಸಿ, ಸ್ಟಾರ್ಟ್ ಮಾಡಬೇಡಿ ಅಂದು, ಕಾರ್ಬುರೇಟರ್ ಹತ್ತಿರ ಕಿವಿ ಇಟ್ಟರು. ಟಿಕ್ ಅಂತ ಸಣ್ಣ ಸದ್ದು ಬಂತು. ಅದು ಫ್ಯುಯೆಲ್ ಕಟ್ ಸೊಲೆನಾಯ್ಡ್. ಅದಕ್ಕೆ ಕರೆಂಟ್ ಬರದಿದ್ದರೆ ಐಡ್ಲಿಂಗ್ ದಾರಿಗೆ ಪೆಟ್ರೋಲ್ ಹೋಗುವುದೇ ಇಲ್ಲ, ಕಾಲು ತೆಗೆದ ತಕ್ಷಣ ಗಾಡಿ ಆಫ್. ಒಂದು ವೈರ್ ಕಳಚಿದ್ದಕ್ಕೆ ಇಡೀ ಕಾರ್ಬುರೇಟರ್ ಬದಲಾಯಿಸಿಕೊಂಡವರೂ ಇದ್ದಾರಂತೆ. ನನ್ನದರಲ್ಲಿ ಅದು ಸರಿಯಿತ್ತು.

ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ವ್ಯಾಕ್ಯೂಮ್ ಪೈಪ್‌ಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಮೆತ್ತಗೆ ಒತ್ತಿ ಹಿಡಿದು ಇಂಜಿನ್ ಸದ್ದು ಕೇಳುತ್ತಾ ಹೋದರು. ಡಿಸ್ಟ್ರಿಬ್ಯೂಟರ್ ಕಡೆ ಹೋಗುವ ಸಣ್ಣ ಪೈಪ್ ಒತ್ತಿದಾಗ ನಡುಕ ಸ್ವಲ್ಪ ಕಮ್ಮಿಯಾಯಿತು. ಬಿಚ್ಚಿ ಬಗ್ಗಿಸಿ ತೋರಿಸಿದರು. ತುದಿಯಲ್ಲಿ ಕೂದಲೆಳೆಯಂಥ ಬಿರುಕು. ನೇರವಾಗಿದ್ದಾಗ ಅದು ಕಾಣುವುದೇ ಇಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಹುಡುಗನಿಗೆ ಒದ್ದೆ ಗೋಣಿಚೀಲ ತರಲು ಹೇಳಿ ಪಕ್ಕದಲ್ಲಿ ಇಡಿಸಿದರು. ಆಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಕಾರ್ಬುರೇಟರ್ ಬುಡದ ಸುತ್ತ ಚೂರು ಚೂರೇ ಹೊಡೆದರು. ಹಿಂಭಾಗದಲ್ಲಿ ಒಂದು ಜಾಗಕ್ಕೆ ಬಿದ್ದ ಕೂಡಲೇ ಇಂಜಿನ್ ಸ್ಪೀಡ್ ಏರಿತು, ನಡುಕ ಹೋಯಿತು. ಎರಡು ಸೆಕೆಂಡ್ ಕಳೆದರೆ ಮತ್ತೆ ನಡುಕ. ಮತ್ತೆ ಹೊಡೆದರು, ಮತ್ತೆ ಏರಿತು. ಅಂದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ, ಸ್ಪ್ರೇಯೂ ಅದೇ ದಾರಿಯಲ್ಲಿ ಹೋಗಿ ಇಂಧನವಾಗಿ ಉರಿಯುತ್ತಿದೆ. ಇದನ್ನು ಮನೆಯಲ್ಲಿ ಮಾಡುವವರು ದಯವಿಟ್ಟು ಹುಷಾರು. ಬಿಸಿ ಇಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವ ಕೆಲಸ ಇದು, ಗೋಣಿಚೀಲ ಇಟ್ಟಿದ್ದು ಸುಮ್ನೆ ಅಲ್ಲ.

ಇದಕ್ಕೆ ಅವರು ಕಳ್ಳ ಗಾಳಿ ಅಂತಾರೆ. ರೇಸ್ ಕೊಟ್ಟಾಗ ಇಂಜಿನ್ ಎಳೆಯುವ ಗಾಳಿಯೇ ಅಷ್ಟಿರುತ್ತೆ, ಅದರಲ್ಲಿ ಈ ಸಣ್ಣ ಸೋರಿಕೆ ಲೆಕ್ಕಕ್ಕೆ ಬರಲ್ಲ. ಐಡ್ಲಿಂಗ್‌ನಲ್ಲಿ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತೆ, ಒಳಗೆ ಎಳೆತ ಜಾಸ್ತಿ, ಬೇಕಾದ ಗಾಳಿ ಕಮ್ಮಿ. ಆಗ ಕಳ್ಳ ಗಾಳಿ ಸೇರಿದರೆ ಪೆಟ್ರೋಲ್ ಸಾಲದೆ ಇಂಜಿನ್ ನಡುಗುತ್ತೆ. ಚೋಕ್ ಎಳೆದರೆ ಸರಿಹೋಗುತ್ತಿದ್ದ ಗುಟ್ಟೂ ಇದೇ. ಚೋಕ್ ಮೇಲಿಂದ ಗಾಳಿ ತಡೆದು ಪೆಟ್ರೋಲ್ ಪಾಲು ಜಾಸ್ತಿ ಮಾಡುತ್ತಿತ್ತು. ಮೂರು ತಿಂಗಳು ಗಾಡಿ ನನಗೆ ಇದನ್ನೇ ಹೇಳುತ್ತಿತ್ತು ಅಲ್ವಾ ಅನ್ನಿಸಿತು.

ಆಮೇಲೆ ಕಾರ್ಬುರೇಟರ್ ಇಳಿಸಿದರು. ಬಿಚ್ಚಿದ ಸ್ಕ್ರೂ, ಜೆಟ್, ಸ್ಪ್ರಿಂಗ್ ಎಲ್ಲವನ್ನೂ ಒಂದು ಹಳೇ ಸ್ಟೀಲ್ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟರು. ಬಿಚ್ಚಿದ ಸಾಲಿನಲ್ಲೇ ಹಿಂದಕ್ಕೆ ಜೋಡಿಸುವುದು. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ (ಮಿಶ್ರಣವನ್ನು ಇಂಜಿನ್ನಿಗೆ ಒಯ್ಯುವ ಕೊಳವೆ) ಮಧ್ಯೆ ಬಿಸಿ ತಡೆಯುವ ದಪ್ಪ ಇನ್ಸುಲೇಟರ್ ಒಂದಿರುತ್ತೆ, ಅದರ ಎರಡೂ ಕಡೆ ಪ್ಯಾಕಿಂಗ್. ಹಿಂದಿನವರು ಯಾರೋ ನಟ್ಟುಗಳನ್ನು ಅತಿಯಾಗಿ ಬಿಗಿದಿದ್ದರು. ಯಜಮಾನರು ಕಾರ್ಬುರೇಟರ್ ಬುಡದ ಮೇಲೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ, ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ನನಗೆ ಕೊಟ್ಟರು. ಮಧ್ಯದಲ್ಲಿ ಬೆಳಕಿನ ಒಂದು ಸಣ್ಣ ಗೆರೆ ಕಂಡಿತು. ಬುಡ ಬಾಗಿತ್ತು. ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ ನಲವತ್ತು ನಿಮಿಷ ಉಜ್ಜಿದರು, ನಡುನಡುವೆ ಸ್ಕೇಲ್ ಇಟ್ಟು ನೋಡುತ್ತಾ. ಬೆಳಕಿನ ಗೆರೆ ಮಾಯವಾದ ಮೇಲೇ ಬಿಟ್ಟಿದ್ದು.

ಕಾರ್ಬುರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನಲ್ಲಿ ಬಿಳಿ ಪುಡಿ ಕೂತಿತ್ತು. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ಅರ್ಧ ಮುಚ್ಚಿತ್ತು. ಅದಕ್ಕೆ ಸ್ಟೀಲ್ ತಂತಿ ಹಾಕಲಿಲ್ಲ, ಕರೆಂಟ್ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ತೆಗೆದು ಅದರಲ್ಲಿ ಬಿಡಿಸಿ, ಕ್ಲೀನರ್ ಹೊಡೆದು, ಗಾಳಿ ಊದಿದರು. ಸ್ಟೀಲ್ ಹಾಕಿದರೆ ಹಿತ್ತಾಳೆಯ ತೂತು ದೊಡ್ಡದಾಗಿಬಿಡುತ್ತೆ, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಮಿಕ್ಸ್ಚರ್ ಸರಿಹೋಗಲ್ಲ.

ಪುಡಿ ಎಲ್ಲಿಂದ ಬಂತು ಅಂತ ಕೇಳಿದೆ. ಮಳೆಗಾಲದಲ್ಲಿ ಗಾಡಿ ಎಷ್ಟು ದಿನ ನಿಂತಿತ್ತು ಅಂತ ಅವರು ವಾಪಸ್ ಕೇಳಿದರು. ಆರು ವಾರ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತೆ, ನಿಂತ ಗಾಡಿಯ ಬೌಲಿನಲ್ಲಿ ಲೋಹವನ್ನು ತಿನ್ನುತ್ತೆ, ಹಳೇ ಕಾಲದ ರಬ್ಬರ್ ಪೈಪುಗಳನ್ನೂ ಹಾಳು ಮಾಡುತ್ತೆ. ಇನ್ನೊಂದು ವಿಷಯ, ಎಥನಾಲ್ ಉರಿಯಲು ಬರೀ ಪೆಟ್ರೋಲಿಗಿಂತ ಕಮ್ಮಿ ಗಾಳಿ ಸಾಕು. ಇಂಜೆಕ್ಷನ್ ಗಾಡಿ ಅದನ್ನು ಸೆನ್ಸರ್‌ನಲ್ಲಿ ತಿಳಿದು ಹೊಂದಿಸಿಕೊಳ್ಳುತ್ತೆ, ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಹಾಗಾಗಿ ನಮ್ಮ ಹಳೇ ಗಾಡಿಗಳು ಮೊದಲೇ ಸ್ವಲ್ಪ ಲೀನ್, ಅಂದರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿಯಾಗಿ ಓಡುತ್ತಿರುತ್ತವೆ, ಕಳ್ಳ ಗಾಳಿ ಸೇರಿದರೆ ಮುಗೀತು. ಪೆಟ್ರೋಲ್ ಪೈಪುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದರು. ವಾರಕ್ಕೊಮ್ಮೆ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ ಅಂದರು. ಮನೆ ಮುಂದೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಲದಂತೆ.

ಸ್ಕ್ರೂ ಸರದಿ ಬಂದಿದ್ದು ಊಟ ಆದ ಮೇಲೆ. ಇಂಜಿನ್ ಪೂರ್ತಿ ಬಿಸಿ ಮಾಡಿ, ಲೈಟು ಎಲ್ಲ ಆಫ್ ಮಾಡಿಸಿ, ಆರ್‌ಪಿಎಂ ಮೀಟರ್ ಸಿಕ್ಕಿಸಿದರು. ಮಿಕ್ಸ್ಚರ್ ಸ್ಕ್ರೂವನ್ನು ಜೋಡಿಸುವಾಗಲೇ ಬೆರಳ ತುದಿಯಲ್ಲಿ ಮೆತ್ತಗೆ ಕೂರುವವರೆಗೆ ಒಳಗೆ ತಿರುಗಿಸಿ, ಎರಡೂವರೆ ಸುತ್ತು ಹೊರಗೆ ಬಿಟ್ಟಿದ್ದರು. ಜೋರಾಗಿ ಬಿಗಿದರೆ ಅದರ ಮೊನೆಗೆ ಗೆರೆ ಬೀಳುತ್ತೆ. ಅಲ್ಲಿಂದ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸಿ ಸ್ಪೀಡ್ ಅತಿ ಜಾಸ್ತಿ ಇರುವ ಜಾಗ ಹುಡುಕಿದರು. ಸ್ಪೀಡ್ ಸ್ಕ್ರೂನಲ್ಲಿ ಇಳಿಸಿದರು. ಮತ್ತೆ ಮಿಕ್ಸ್ಚರ್, ಮತ್ತೆ ಸ್ಪೀಡ್. ಕೊನೆಗೆ 850ರಲ್ಲಿ ನಿಂತಿತು. ಏರ್ ಫಿಲ್ಟರ್ ಡಬ್ಬದ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿದರು, ಬೀಳಲಿಲ್ಲ. ಸುಮಾರು ಅರ್ಧ ನಿಮಿಷ ನಾವು ಮೂವರೂ ಮಾತಾಡದೆ ಅದನ್ನೇ ನೋಡುತ್ತಿದ್ದೆವು.

ಅಲ್ಲಿಂದ ನೇರ ಎಮಿಷನ್ ಟೆಸ್ಟಿಗೆ ಹೋದೆ. ಇಷ್ಟು ಹಳೇ ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3 ಪರ್ಸೆಂಟ್. ನನ್ನದು 1.4 ಬಂತು.

ಒಟ್ಟು ಖರ್ಚು 3,350 ರೂಪಾಯಿ. ರಿಪೇರಿ ಕಿಟ್ಟು, ಪ್ಯಾಕಿಂಗ್, ಪೈಪುಗಳು ಎಲ್ಲ ಸೇರಿ 1,550. ಮಜೂರಿ 1,800. ಒಂದು ಇಡೀ ದಿನದ ಕೆಲಸಕ್ಕೆ ಇದು ಕಮ್ಮಿ ಅಂತಲೇ ನನ್ನ ಅನಿಸಿಕೆ.

ಕೊರತೆಗಳನ್ನೂ ಹೇಳಬೇಕು. ಬಿಲ್ ಕೊಡಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಕೂರಲು ಒಂದು ಸ್ಟೂಲು ಬಿಟ್ಟರೆ ಏನೂ ಇಲ್ಲ, ಗಲ್ಲಿಯಲ್ಲಿ ಎರಡನೇ ಗಾಡಿ ನಿಲ್ಲಿಸಲು ಜಾಗ ಇಲ್ಲ. ಫೋನ್ ಎತ್ತುವುದು ಅಪರೂಪ. ಥ್ರಾಟಲ್ ಶಾಫ್ಟಿನಲ್ಲಿ ಸ್ವಲ್ಪ ಆಟ ಇದೆ, ಅದಕ್ಕೆ ಬುಷ್ ಹಾಕಬೇಕು, ಲೇತ್ ಕೆಲಸ, ಇನ್ನೊಂದು ವರ್ಷ ತಡೆಯುತ್ತೆ ಅಂದಿದ್ದಾರೆ. ಅದನ್ನು ಅವತ್ತೇ ಮಾಡಿಕೊಟ್ಟಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು. ಚಳಿಯ ಬೆಳಿಗ್ಗೆ ಚೋಕ್ ಮೊದಲಿಗಿಂತ ಅರ್ಧ ನಿಮಿಷ ಜಾಸ್ತಿ ಬೇಕಾಗುತ್ತಿದೆ.

ನಾಲ್ಕು ತಿಂಗಳಾಯಿತು. ಸಿಲ್ಕ್ ಬೋರ್ಡಿನಲ್ಲಿ ಒಂದು ಸಲವೂ ಆಫ್ ಆಗಿಲ್ಲ. ತೋಟದ ಇಳಿಜಾರನ್ನು ಮೊನ್ನೆ ಫೋರ್ ಲೋನಲ್ಲಿ ಎರಡೂ ಕಾಲು ಪೆಡಲ್‌ನಿಂದ ತೆಗೆದು ಇಳಿದೆ, ಭಾವ ಪಕ್ಕದಲ್ಲಿ ಸುಮ್ಮನೆ ನಡೆದುಕೊಂಡು ಬಂದರು, ಗಾಡಿ ಅವರ ನಡಿಗೆಗಿಂತ ನಿಧಾನ ಇತ್ತು.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಇಡೀ ದಿನ ಇಟ್ಟುಕೊಂಡು ಹೋಗಿ. ಭಾನುವಾರ ರಜಾ. ಕಾರ್ಬುರೇಟರ್ ಮಾತ್ರ ಬಿಚ್ಚಿ ಕವರಿನಲ್ಲಿ ಹಾಕಿಕೊಂಡು ಹೋಗಬೇಡಿ, ಅವರು ಮುಟ್ಟಲ್ಲ. ನನ್ನ ಮುಂದೆಯೇ ಒಬ್ಬರು ಹಾಗೆ ತಂದಿದ್ದರು. "ಗಾಡಿ ತಗೊಂಡ್ ಬನ್ನಿ ಸಾರ್, ಗಾಳಿ ಸೋರೋದು ಅಲ್ಲಿ" ಅಂತ ವಾಪಸ್ ಕಳಿಸಿದರು.