ತೊಗರಿ ಸಂಶೋಧನೆ: ಹೊಸ ತಳಿ ಕೇಳೋಣವೇ, ಮಿನಿ ದಾಲ್ ಮಿಲ್ ಕೇಳೋಣವೇ?

ನಿಮ್ಮ ರೈತ ಸಂಘಕ್ಕೆ ಕೃಷಿ ವಿಜ್ಞಾನಿಗಳ ಮುಂದೆ ಒಂದೇ ಬೇಡಿಕೆ ಇಡುವ ಅವಕಾಶ ಸಿಕ್ಕರೆ ಏನು ಕೇಳುತ್ತೀರಿ? ಕಲಬುರಗಿಯಲ್ಲಿ ಬಡತನದ ಮಾತು ತೊಗರಿ ಬಿಟ್ಟು ಆಗುವುದಿಲ್ಲ.

ಮೊದಲು ತಳಿ. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಹೂ, ಕಾಯಿ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಅಷ್ಟರಲ್ಲಿ ಬೀಜ, ಗೊಬ್ಬರ, ಕೂಲಿ ಎಲ್ಲದಕ್ಕೂ ದುಡ್ಡು ಸುರಿದಾಗಿರುತ್ತದೆ. ಸಾಲ ಹುಟ್ಟುವುದೇ ಇಲ್ಲಿ. 1986ರಲ್ಲಿ ಬಂದ ಮಾರುತಿ ತಳಿ ಈ ರೋಗ ತಡೆದು ನಮ್ಮ ಕಡೆ ಬೇಗ ಹಬ್ಬಿತು. ಆಮೇಲೆ ಟಿಎಸ್-3ಆರ್ ಅನ್ನೋ ತಳಿ ಬಂತು. ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು, ಎರಡು ಎಕರೆಯವನಿಗೂ ಸಿಗುತ್ತದೆ. ಆದರೆ ಜೇನುನೊಣಗಳಿಂದ ತೊಗರಿ ಬೆರಕೆ ಆಗುತ್ತದೆ, ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಶುದ್ಧ ಬೀಜ ತರಲೇಬೇಕು. ರೋಗವೂ ರೂಪ ಬದಲಿಸುತ್ತದೆ, ಸಂಶೋಧನೆ ನಿಲ್ಲಿಸುವಂತಿಲ್ಲ.

ಇನ್ನು ಸಂಗ್ರಹ, ಸಣ್ಣ ದಾಲ್ ಮಿಲ್. ರಾಶಿ ಆದ ಕೂಡಲೇ ಎಲ್ಲರೂ ಮಾರಿದರೆ ದರ ಬೀಳುತ್ತದೆ, ಅಲ್ವಾ? ಹುಳ ಬೀಳದಂತೆ ಕಾಳು ಇಡುವುದು, ಜಾಸ್ತಿ ನುಚ್ಚಾಗದಂತೆ ಬೇಳೆ ಒಡೆಯುವುದು ಕಲಿತರೆ ಲಾಭ ಊರಲ್ಲೇ ಉಳಿಯುತ್ತದೆ. ಜಮೀನಿಲ್ಲದ ಹೆಣ್ಣುಮಕ್ಕಳಿಗೂ ಕೆಲಸ ಸಿಗುತ್ತದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯೂ (ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೇಳೆ ಎಂಬ ಕಾನೂನಿನ ಗುರುತು) ಸಿಕ್ಕಿದೆ.

ನಿಮ್ಮೂರಲ್ಲಿ ನೆಟೆ ಇದ್ದರೆ ಸುಮ್ನೆ ಯೋಚಿಸಬೇಡಿ, ತಳಿಯನ್ನೇ ಕೇಳಿ. ಬೆಳೆ ಚೆನ್ನಾಗಿದ್ದೂ ಕೈ ಖಾಲಿ ಇದ್ದರೆ ಮಿಲ್ ಕೇಳಿ. ಬೇಡಿಕೆ ಬರೆಯುವ ದಿನ ಕೂಲಿಗೆ ಹೋಗುವವರನ್ನೂ ಸಭೆಗೆ ಕರೆಯಿರಿ.