ಇಂಟರ್ನೆಟ್ ಫೋನ್ ಮರುಮಾರಾಟ: ಮೂರು ದಾರಿಯನ್ನೂ ಹಿಡಿದು ನೋಡಿದ ಮೇಲೆ

ಸಣ್ಣ ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ನಡೆಸುವವರಿಗೆ ಈ ಸಂಕಟ ಗೊತ್ತೇ ಇದೆ. ಗ್ರಾಹಕರು ಪ್ರತಿ ವರ್ಷ ಅದೇ ದುಡ್ಡಿಗೆ ಜಾಸ್ತಿ ವೇಗ ಕೇಳುತ್ತಾರೆ. ಪಕ್ಕದಲ್ಲಿ ದೊಡ್ಡ ಕಂಪನಿ ಬಂದು ಕೂತರೆ ದರ ಏರಿಸುವ ಮಾತೇ ಇಲ್ಲ. ಆಗ ಇದೇ ಕೇಬಲ್ ಮೇಲೆ ಇನ್ನೇನು ಮಾರಬಹುದು ಅಂತ ಯೋಚನೆ ಶುರುವಾಗುತ್ತದೆ. ಮೊದಲು ಹೊಳೆಯುವುದು ಫೋನ್.

ಐದು ವರ್ಷದಲ್ಲಿ ನಾನು ಮೂರು ಥರ ಮಾಡಿ ನೋಡಿದೆ. ಮೊದಲು ಬೇರೆಯವರ ಸೇವೆಗೆ ಗ್ರಾಹಕರನ್ನು ಸೇರಿಸಿ ಕಮಿಷನ್ ಪಡೆದೆ. ಆಮೇಲೆ ಸ್ವಂತ ಸ್ವಿಚ್, ಅಂದರೆ ಕರೆಗಳನ್ನು ಜೋಡಿಸುವ ಸರ್ವರ್, ಕೂರಿಸಿದೆ. ಕೊನೆಗೆ ವೈಟ್ ಲೇಬಲ್‌ಗೆ ಬಂದೆ. ಅಂದರೆ ಸ್ವಿಚ್ ಇನ್ನೊಬ್ಬರದು, ಹೆಸರು ಮತ್ತು ಬಿಲ್ ನಮ್ಮದು. ಈ ದಾರಿಗೆ ಇಳಿಯಬೇಕೆಂದಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೋನ್ ಸೇವೆ ಮಾರಲು ಬೇಕಾದ ಪರವಾನಗಿ ಪ್ರತಿ ದೇಶದಲ್ಲೂ ಬೇರೆ ಬೇರೆ. ಯಾವ ದಾರಿ ಹಿಡಿಯುವ ಮೊದಲೂ ಅದನ್ನು ಕೇಳಿ ತಿಳಿದುಕೊಳ್ಳಿ.

ಕಮಿಷನ್ ದಾರಿ

ಇದಕ್ಕೆ ಬಂಡವಾಳ ಬೇಡ. ಸರ್ವರ್ ಅವರದು, ಬಿಲ್ ಅವರದು, ಸಪೋರ್ಟ್ ಕೂಡ ಅವರದೇ. ನಾವು ಗ್ರಾಹಕರನ್ನು ಸೇರಿಸಿದರೆ ತಿಂಗಳ ಬಿಲ್ಲಿನಲ್ಲಿ ಸಣ್ಣ ಪಾಲು ನಮಗೆ ಬರುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ?

ಸಪೋರ್ಟ್ ಅವರದು ಅನ್ನುವ ಮಾತು ಮೂರು ವಾರ ನಿಂತಿತು. ಕರೆಯಲ್ಲಿ ಧ್ವನಿ ಒಡೆದರೆ ಜನ ಫೋನ್ ಕಂಪನಿಗೆ ಹೇಳುವುದಿಲ್ಲ. ‘ನಿಮ್ಮ ನೆಟ್ ಸರಿ ಇಲ್ಲ’ ಅಂತ ನಮಗೇ ಹೇಳುತ್ತಾರೆ. ಒಂದು ಕ್ಲಿನಿಕ್‌ನಿಂದ ದಿನಾ ಮಧ್ಯಾಹ್ನ ಕರೆ ಬರುತ್ತಿತ್ತು. ‘ಸರ್, ನಾವು ಹೇಳೋದು ಆ ಕಡೆಯವರಿಗೆ ಅರ್ಧಕ್ಕರ್ಧ ಕೇಳಿಸ್ತಾ ಇಲ್ಲ. ಅವರು ಹೇಳೋದು ಮಾತ್ರ ಸರಿಯಾಗಿ ಕೇಳಿಸ್ತದೆ’ ಎನ್ನುತ್ತಿದ್ದರು. ಫೋನ್ ಕಂಪನಿಯ ಉತ್ತರ ಒಂದೇ: ನಮ್ಮ ಕಡೆ ಎಲ್ಲ ಸರಿ ಇದೆ.

ಕೊನೆಗೆ ಲ್ಯಾಪ್‌ಟಾಪ್ ಹಿಡಿದು ನಾನೇ ಅಲ್ಲಿ ಹೋಗಿ ಕೂತೆ. ಒಂದು ಗಂಟೆಯವರೆಗೆ ಪಿಂಗ್, ಅಂದರೆ ಡೇಟಾದ ಒಂದು ತುಂಡು (ಪ್ಯಾಕೆಟ್) ಹೋಗಿ ಬರಲು ಹಿಡಿಯುವ ಸಮಯ, 20 ಮಿಲಿಸೆಕೆಂಡ್ ಆಸುಪಾಸಿನಲ್ಲೇ ಇತ್ತು. ಆಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ಸ್ಕ್ಯಾನ್ ಚಿತ್ರಗಳನ್ನು ಕಳಿಸಲು ಶುರು ಮಾಡಿದರು. ನೋಡನೋಡುತ್ತಲೇ ಪಿಂಗ್ 600 ದಾಟಿತು. ಲೆಕ್ಕ ಸರಳ. ಅವರ ಅಪ್‌ಲೋಡ್ 2 ಎಂಬಿಪಿಎಸ್. 1500 ಬೈಟ್‌ನ ಒಂದು ಪ್ಯಾಕೆಟ್ ಆ ಲೈನಿನಲ್ಲಿ ಹೊರಬೀಳಲು 6 ಮಿಲಿಸೆಕೆಂಡ್ ಬೇಕು. ರೂಟರ್ ಒಳಗೆ ಅಂಥ ನೂರು ಪ್ಯಾಕೆಟ್ ಸಾಲು ನಿಂತರೆ ಅವುಗಳ ಹಿಂದೆ ಬಂದ ಮಾತಿನ ಪ್ಯಾಕೆಟ್ 600 ಮಿಲಿಸೆಕೆಂಡ್ ಕಾಯಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆಗೆ ಅಡ್ಡಿಯಾಗುವುದಿಲ್ಲ. ಇಲ್ಲಿ ಅದರ ನಾಲ್ಕು ಪಟ್ಟು.

ಆ ರೂಟರ್‌ನಲ್ಲಿ ಎಫ್‌ಕ್ಯೂ-ಕೋಡೆಲ್ ಹಾಕಿದೆ. ದೊಡ್ಡ ಡೇಟಾದ ಹಿಂದೆ ಮಾತಿನ ಪ್ಯಾಕೆಟ್ ಸಾಲಿನಲ್ಲಿ ಕಾಯದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ಅಪ್‌ಲೋಡನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಕಟ್ಟಿದೆ. ಅರ್ಧ ಗಂಟೆಯ ಕೆಲಸ. ಚಿತ್ರಗಳು ಹೋಗುತ್ತಿರುವಾಗಲೇ ರಿಸೆಪ್ಷನ್‌ನವರು ಒಂದು ಕರೆ ಮಾಡಿದರು. ಮಾತು ಸ್ವಚ್ಛವಾಗಿ ಹೋಯಿತು.

ವಾಪಸ್ ಬರುವಾಗ ತಲೆಯಲ್ಲಿ ಒಂದೇ ಯೋಚನೆ. ಸಾಲು ನಿಂತಿದ್ದು ನಮ್ಮ ಲೈನಿನಲ್ಲಿ. ಅದನ್ನು ಸರಿ ಮಾಡಲು ಸಾಧ್ಯವಿದ್ದದ್ದೂ ನಮಗೆ ಮಾತ್ರ. ದೂರದ ಫೋನ್ ಕಂಪನಿ ಎಷ್ಟೇ ದೊಡ್ಡದಾದರೂ ಆ ರೂಟರ್‌ನ ಸಾಲಿಗೆ ಕೈ ಹಾಕಲಾರದು. ಅಂದರೆ ಫೋನ್ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ ನಮ್ಮ ಕೈಯಲ್ಲಿದೆ, ಅದಕ್ಕೆ ಸಿಗುತ್ತಿರುವುದು ಮಾತ್ರ ಚಿಲ್ಲರೆ ಕಮಿಷನ್. ಮುಂದಿನ ಎರಡು ದಾರಿಯನ್ನೂ ನಾನು ಇದೇ ಲೆಕ್ಕದಲ್ಲಿ ತೂಗಿದೆ.

ಇನ್ನೊಂದು ಬೇಸರವೂ ಇದೆ. ಗ್ರಾಹಕರ ವಿಳಾಸ, ನಂಬರ್ ಎಲ್ಲ ಆ ಕಂಪನಿಯ ಬಳಿ ಇತ್ತು. ವರ್ಷ ತುಂಬುವ ಮೊದಲೇ ಅವರು ನಮ್ಮನ್ನು ಬಿಟ್ಟು ನೇರವಾಗಿ ನಮ್ಮ ಗ್ರಾಹಕರಿಗೇ ಬೇರೆ ಬೇರೆ ಪ್ಯಾಕೇಜ್ ಮಾರಲು ಶುರು ಮಾಡಿದರು. ಗ್ರಾಹಕರನ್ನು ಪರಿಚಯ ಮಾಡಿಸಿದವರು ನಾವೇ.

ಸ್ವಂತ ಸ್ವಿಚ್

ಮಾಮೂಲಿ ಸರ್ವರನ್ನೇ ಫೋನ್ ಸ್ವಿಚ್ ಮಾಡುವ ಅಸ್ಟೆರಿಸ್ಕ್ ಅನ್ನು ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರು ಮಾಡಿದರು. ಅವತ್ತಿನಿಂದ ಅದು ಉಚಿತ, ಮುಕ್ತ ಸಾಫ್ಟ್‌ವೇರ್. ಹಳೆಯ ಸರ್ವರ್ ಒಂದು ಇತ್ತು, ಅದರಲ್ಲಿ ಹಾಕಿದೆ. ಸಗಟು ಕಂಪನಿಯಿಂದ ಸಿಪ್ ಟ್ರಂಕ್, ಅಂದರೆ ಇಂಟರ್ನೆಟ್ ಮೂಲಕ ಹೊರಗಿನ ಫೋನ್ ಜಾಲಕ್ಕೆ ಸೇರುವ ಸಂಪರ್ಕ, ತೆಗೆದುಕೊಂಡೆ. ಒಂದು ವಾರದಲ್ಲಿ ಕರೆಗಳು ಹೋಗತೊಡಗಿದವು. ಆ ಖುಷಿ ಇನ್ನೂ ನೆನಪಿದೆ.

ಲಾಭದ ವಿಷಯದಲ್ಲಿ ಈ ದಾರಿಗೆ ಸಾಟಿಯಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ನೂರು ಲೈನ್ ಮಾರಿದ್ದೇವೆ ಅಂದುಕೊಳ್ಳಿ. ಅತಿ ಬಿಡುವಿಲ್ಲದ ಗಂಟೆಯಲ್ಲಿ ಪ್ರತಿ ಲೈನ್ 6 ನಿಮಿಷ ಮಾತಾಡುತ್ತದೆ. ಒಟ್ಟು 10 ಎರ್ಲಾಂಗ್ ಆಯಿತು (ಒಂದು ಲೈನ್ ಗಂಟೆಯಿಡೀ ಮಾತಾಡಿದರೆ ಒಂದು ಎರ್ಲಾಂಗ್). ಎರ್ಲಾಂಗ್ ಬಿ ಸೂತ್ರದ ಪ್ರಕಾರ ನೂರಕ್ಕೆ ಒಂದು ಕರೆಗಿಂತ ಜಾಸ್ತಿ ತಪ್ಪಿ ಹೋಗಬಾರದು ಅಂದರೆ 18 ಚಾನೆಲ್, ಅಂದರೆ ಒಂದೇ ಹೊತ್ತಿಗೆ 18 ಕರೆಗೆ ಜಾಗ, ಸಾಕು. ನೂರು ಲೈನಿನ ಬಾಡಿಗೆ ಬರುತ್ತದೆ, 18 ಚಾನೆಲ್‌ಗೆ ದುಡ್ಡು ಕಟ್ಟುತ್ತೇವೆ. ಮರುಮಾರಾಟದ ಲಾಭ ಹುಟ್ಟುವುದೇ ಇಲ್ಲಿ. ನಿಮಿಷಗಳಲ್ಲಿ ಉಳಿಯುವುದು ತೀರಾ ಕಡಿಮೆ.

ನಿಮಿಷದ ದರದಲ್ಲೂ ಒಂದು ಸೂಕ್ಷ್ಮ ಇದೆ. ಸಗಟು ಬಿಲ್ಲಿನಲ್ಲಿ 60/60 ಅಂತಿದ್ದರೆ 61 ಸೆಕೆಂಡಿನ ಕರೆಗೂ ಎರಡು ನಿಮಿಷದ ದುಡ್ಡು. 1/1 ಅಂತಿದ್ದರೆ 61 ಸೆಕೆಂಡಿಗೆ ಅಷ್ಟೇ. ನಮ್ಮ ಅಂಗಡಿ-ಆಫೀಸು ಗ್ರಾಹಕರ ಕರೆಗಳು ಬಹಳಷ್ಟು ಅರ್ಧ ನಿಮಿಷದೊಳಗೆ ಮುಗಿಯುತ್ತಿದ್ದವು. ಹಾಗಾಗಿ ಕಡಿಮೆ ದರದ 60/60 ನಮಗೆ ಜಾಸ್ತಿ ದರದ 1/1ಗಿಂತ ದುಬಾರಿಯಾಯಿತು. ದರಪಟ್ಟಿಯ ಮೊದಲ ಸಾಲು ನೋಡಿ ಒಪ್ಪಿಕೊಳ್ಳಬೇಡಿ.

ಎಂಟು ತಿಂಗಳು ಚೆನ್ನಾಗೇ ನಡೆಯಿತು. ಆಮೇಲೆ ಒಂದು ರಜಾದಿನದ ನಸುಕಿನಲ್ಲಿ, 3 ಗಂಟೆಯ ಹೊತ್ತಿಗೆ, ಸಗಟು ಕಂಪನಿಯಿಂದ ಮೆಸೇಜ್ ಬಂತು: ನಿಮ್ಮ ಬ್ಯಾಲೆನ್ಸ್ ಮುಗಿದಿದೆ. ಒಂದು ತಿಂಗಳಿಗೆ ಅಂತ ತುಂಬಿದ್ದ ದುಡ್ಡು ಅದು. ಲಾಗ್ ತೆಗೆದೆ. ನಮ್ಮ ಯಾವ ಗ್ರಾಹಕರೂ ಎಂದೂ ಕರೆ ಮಾಡದ ದೇಶಗಳ ದುಬಾರಿ ನಂಬರ್‌ಗಳಿಗೆ ಸಾಲು ಸಾಲಾಗಿ ಕರೆಗಳು ಹೋಗಿದ್ದವು. ಎಲ್ಲ ಒಂದೇ ಎಕ್ಸ್‌ಟೆನ್ಷನ್‌ನಿಂದ (ಸ್ವಿಚ್ ಒಳಗಿನ ಫೋನ್ ಖಾತೆ). ಪರೀಕ್ಷೆಗೆ ಅಂತ ಮಾಡಿದ 1001, ಪಾಸ್‌ವರ್ಡ್ ಕೂಡ 1001. ಅಳಿಸಲು ಮರೆತಿದ್ದೆ. ಅದಕ್ಕೂ ಹಿಂದಿನ ಲಾಗ್‌ನಲ್ಲಿ ಸ್ವಿಚ್‌ನ ಬಾಗಿಲಾದ 5060 ಪೋರ್ಟ್ ತಟ್ಟುತ್ತಿದ್ದ ‘ಫ್ರೆಂಡ್ಲಿ ಸ್ಕ್ಯಾನರ್’ ಅನ್ನುವ ಹೆಸರು ಸಾವಿರಾರು ಸಲ ಇತ್ತು. ಅದು ಫೋನ್ ಸ್ವಿಚ್‌ಗಳ ದುರ್ಬಲ ಪಾಸ್‌ವರ್ಡ್ ಹುಡುಕುವ ಸಿಪ್‌ವಿಷಸ್ ಅನ್ನುವ ಉಪಕರಣ ತನ್ನನ್ನು ಹೇಳಿಕೊಳ್ಳುವ ಹೆಸರು. ಇಂಥ ಮೋಸದಲ್ಲಿ ಆ ದುಬಾರಿ ನಂಬರ್‌ಗಳ ಆದಾಯದ ಪಾಲು ಕದ್ದವರಿಗೇ ಹೋಗುತ್ತದೆ. ಟ್ರಂಕ್ ಪ್ರೀಪೇಯ್ಡ್ ಆಗಿದ್ದಕ್ಕೆ ಉಳಿದುಕೊಂಡೆ. ಪೋಸ್ಟ್‌ಪೇಯ್ಡ್ ಆಗಿದ್ದರೆ ಅವತ್ತೇ ಬಾಗಿಲು ಹಾಕಬೇಕಿತ್ತು.

ತಪ್ಪು ನನ್ನದೇ. ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದೆ, ವಿದೇಶಿ ಕರೆ ಮುಚ್ಚಿದೆ, ಪಾಸ್‌ವರ್ಡ್‌ಗಳನ್ನೆಲ್ಲ ಉದ್ದ ಮಾಡಿದೆ. ಆದರೆ ಅವತ್ತಿನಿಂದ ನಿದ್ದೆ ಮೊದಲಿನ ಹಾಗೆ ಬರಲಿಲ್ಲ. ಇಂಟರ್ನೆಟ್ ಒಂದು ಗಂಟೆ ನಿಂತರೆ ಜನ ಬೈದು ಸುಮ್ಮನಾಗುತ್ತಾರೆ. ಫೋನ್ ನಿಂತರೆ ಯಾರಿಗೋ ಆಂಬ್ಯುಲೆನ್ಸ್ ಸಿಗದೆ ಹೋಗಬಹುದು. ನಮ್ಮಲ್ಲಿ ಇದ್ದದ್ದು ಇಬ್ಬರು ತಂತ್ರಜ್ಞರು. ಇಬ್ಬರಿಂದ ರಾತ್ರಿ-ಹಗಲು ಸ್ವಿಚ್ ಕಾಯುವುದು ಆಗದ ಮಾತು.

ವೈಟ್ ಲೇಬಲ್

ಈಗ ನಾನಿರುವುದು ಇಲ್ಲಿ. ಹೀಗೆ ಎರಡು ಕಂಪನಿ ನೋಡಿದೆ. ಇಬ್ಬರ ನಡುವಿನ ವ್ಯತ್ಯಾಸ ಮೂರು ದಾರಿಗಳ ನಡುವಿನ ವ್ಯತ್ಯಾಸದಷ್ಟೇ ದೊಡ್ಡದು.

ಮೊದಲನೆಯವರ ಪೋರ್ಟಲ್ ಬಹಳ ಅಂದವಾಗಿತ್ತು, ದರವೂ ಕಡಿಮೆ. ಆದರೆ ಧ್ವನಿ ಹಾದುಹೋಗುವ ಅವರ ಮೀಡಿಯಾ ಸರ್ವರ್ ದೂರ. ಹೋಗಿ ಬರಲು 190 ಮಿಲಿಸೆಕೆಂಡ್. ಎದುರುಬದುರು ಇರುವ ಎರಡು ಆಫೀಸಿನವರು ಮಾತಾಡಿದರೂ ಧ್ವನಿ ಅಷ್ಟು ದೂರ ಹೋಗಿ ವಾಪಸ್ ಬರಬೇಕು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದರು, ಆಮೇಲೆ ಇಬ್ಬರೂ ನಿಲ್ಲಿಸುತ್ತಿದ್ದರು. ಎರಡನೆಯವರ ಸರ್ವರ್ 22 ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ದರ ಸ್ವಲ್ಪ ಜಾಸ್ತಿ. ಗ್ರಾಹಕರು ಒಬ್ಬರೂ ದರದ ಬಗ್ಗೆ ಕೇಳಲಿಲ್ಲ.

ಮೊದಲನೆಯವರನ್ನು ಬಿಡುವಾಗ ಇನ್ನೊಂದು ಪಾಠ ಆಯಿತು. ನಂಬರ್‌ಗಳೆಲ್ಲ ಅವರ ಹೆಸರಿನಲ್ಲಿದ್ದವು. ಅದೇ ನಂಬರನ್ನು ಹೊಸ ಕಂಪನಿಗೆ ವರ್ಗಾಯಿಸಿ (ಪೋರ್ಟ್ ಮಾಡಿ) ಕೊಡಿ ಅಂದರೆ ಏಳು ವಾರ ಎಳೆದರು. ಗ್ರಾಹಕರ ಅಂಗಡಿಯ ಬೋರ್ಡ್ ಮೇಲೆ ಬರೆದ ನಂಬರ್ ಅದು, ಬದಲಿಸಿಕೊಳ್ಳಿ ಅಂತ ಹೇಗೆ ಹೇಳೋದು? ಆದ್ದರಿಂದ ನಂಬರ್ ಯಾರದು, ಬಿಟ್ಟು ಹೋಗುವಾಗ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ. ದಿನದ ಖರ್ಚಿಗೆ ಮಿತಿ ಹಾಕಲು ಬರುತ್ತದೆಯೇ, ದೇಶವಾರು ಕರೆ ಮುಚ್ಚಬಹುದೇ, ತುರ್ತು ಕರೆಗೆ ಗ್ರಾಹಕರ ವಿಳಾಸ ಸರಿಯಾಗಿ ಹೋಗುತ್ತದೆಯೇ ಅಂತಲೂ ಕೇಳಿ. ತುರ್ತು ಕರೆಯನ್ನು ನಾನು ಪ್ರತಿ ಗ್ರಾಹಕರಿಗೂ ಮೊದಲ ದಿನವೇ ವಿವರಿಸುತ್ತೇನೆ. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಅದು ನಡೆಯುತ್ತಿತ್ತು. ನಮ್ಮದು ಹಾಗಲ್ಲ. ರೂಟರ್‌ಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಜೊತೆಗೇ ಫೋನೂ ಹೋಗುತ್ತದೆ.

ಸ್ವಂತ ಸ್ವಿಚ್‌ಗೆ ಹೋಲಿಸಿದರೆ ಪ್ರತಿ ಲೈನಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಕಮಿಷನ್‌ಗೆ ಹೋಲಿಸಿದರೆ ಮೂರು ಪಟ್ಟು. ಆದರೆ ನನಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ. ಇಂಟರ್ನೆಟ್ ಜೊತೆ ಫೋನೂ ತೆಗೆದುಕೊಂಡ ಗ್ರಾಹಕರು ಬಿಟ್ಟು ಹೋಗುವುದು ತುಂಬಾ ಕಡಿಮೆ. ಬಿಲ್ ಒಂದೇ, ಕರೆ ಮಾಡಬೇಕಾದವರೂ ಒಬ್ಬರೇ.

ಸ್ವಿಚ್ ಬೇರೆಯವರದಾದರೂ ನೆಟ್‌ವರ್ಕ್ ಕೆಲಸ ತಪ್ಪುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವೈಟ್ ಲೇಬಲ್ ಮಾರುವವರು ಇದನ್ನು ಹೇಳುವುದಿಲ್ಲ. ಧ್ವನಿಯನ್ನು ಡೇಟಾ ಮಾಡುವ ಜಿ.711 ಕೋಡೆಕ್‌ನಲ್ಲಿ ಧ್ವನಿ 64 ಕೆಬಿಪಿಎಸ್. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅದರಲ್ಲಿ 160 ಬೈಟ್ ಧ್ವನಿ, 40 ಬೈಟ್ ಹೆಡರ್ (ವಿಳಾಸದಂಥ ವಿವರ). ಒಟ್ಟು 80 ಕೆಬಿಪಿಎಸ್. ವೇಗದ ಲೆಕ್ಕದಲ್ಲಿ ಇದು ಏನೂ ಅಲ್ಲ. ಮೂವತ್ತು ಕರೆಗೆ ಒಂದು ದಿಕ್ಕಿಗೆ 2.4 ಎಂಬಿಪಿಎಸ್. ಆದರೆ ಪ್ಯಾಕೆಟ್ ಎಣಿಸಿ ನೋಡಿ. ಒಂದು ಕರೆಗೆ ಒಂದು ದಿಕ್ಕಿಗೆ ಸೆಕೆಂಡಿಗೆ 50. ಮೂವತ್ತು ಕರೆಗೆ ಎರಡೂ ದಿಕ್ಕು ಸೇರಿ 3000. ಫೈಬರ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಟವರ್ ಮೇಲಿನ ವೈರ್‌ಲೆಸ್ ರೇಡಿಯೋ ಮಾತ್ರ ಪ್ರತಿ ಸಣ್ಣ ಪ್ಯಾಕೆಟ್‌ಗೂ ಗಾಳಿಯಲ್ಲಿ ತನ್ನ ಸರದಿ ಕಾಯಬೇಕು. ನಮ್ಮ ಒಂದು ಟವರ್ ವೇಗದ ಗ್ರಾಫ್‌ನಲ್ಲಿ ಅರ್ಧ ಖಾಲಿ ಕಾಣುತ್ತಿತ್ತು, ಮಾತು ಮಾತ್ರ ಒಡೆಯುತ್ತಿತ್ತು. ಧ್ವನಿ ಪ್ಯಾಕೆಟ್‌ಗೆ ‘ಇದನ್ನು ಮೊದಲು ಕಳಿಸು’ ಅನ್ನುವ ಡಿಎಸ್‌ಸಿಪಿ 46 ಗುರುತು ಹಾಕಿ ರೇಡಿಯೋದಲ್ಲಿ ಮೊದಲ ಸಾಲಿಗೆ ಕೂರಿಸಿದ ಮೇಲೆ ಸರಿಯಾಯಿತು.

ಇನ್ನೆರಡು ಕಾಯಿಲೆ ಮತ್ತೆ ಮತ್ತೆ ಬರುತ್ತವೆ. ಒಬ್ಬರ ಮಾತು ಮಾತ್ರ ಕೇಳಿಸಿದರೆ ಮೊದಲು ಗ್ರಾಹಕರ ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಆಫ್ ಮಾಡಿ. ಫೋನ್ ಕರೆಗೆ ಸಹಾಯ ಮಾಡಲು ಅಂತ ಇಟ್ಟ ಸೌಲಭ್ಯ ಅದು, ಕರೆಯ ಸಂದೇಶದೊಳಗಿನ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುತ್ತದೆ. ಕರೆ ಮಾಡಲು ಆಗುತ್ತದೆ, ಒಳಬರುವ ಕರೆಗೆ ಮಾತ್ರ ಫೋನ್ ರಿಂಗ್ ಆಗುವುದಿಲ್ಲ ಅಂದರೆ ನ್ಯಾಟ್ (ಹಲವು ಸಾಧನಗಳು ಒಂದೇ ಇಂಟರ್ನೆಟ್ ವಿಳಾಸ ಹಂಚಿಕೊಳ್ಳುವ ರೂಟರ್ ವ್ಯವಸ್ಥೆ) ಕಡೆ ನೋಡಿ. ಸುಮ್ನೆ ಕೂತ ಫೋನಿನ ದಾರಿಯನ್ನು ನ್ಯಾಟ್ ಮರೆತುಬಿಟ್ಟಿರುತ್ತದೆ. ಆ ದಾರಿ ತೆರೆದಿಡಲು ಫೋನ್ ಆಗಾಗ ಕಳಿಸುವ ಕೀಪ್‌ಅಲೈವ್ ಸಂದೇಶದ ಅಂತರವನ್ನು 30 ಸೆಕೆಂಡಿಗೆ ಇಳಿಸಿ. ಫ್ಯಾಕ್ಸ್, ಕಳ್ಳರ ಅಲಾರ್ಮ್, ಲಿಫ್ಟ್ ಒಳಗಿನ ಫೋನ್ ಇವುಗಳಿಗೆ ನಾನು ಲೈನ್ ಕೊಡುವುದಿಲ್ಲ.

ಯಾರಿಗೆ ಯಾವುದು

ಐವತ್ತಕ್ಕಿಂತ ಕಡಿಮೆ ಲೈನ್ ಹೋಗಬಹುದು ಅನ್ನಿಸಿದರೆ ಕಮಿಷನ್ ಮಾಡಿ ನೋಡಿ. ಜನಕ್ಕೆ ಫೋನ್ ಬೇಕೋ ಬೇಡವೋ ಅನ್ನುವುದಾದರೂ ಗೊತ್ತಾಗುತ್ತದೆ. ಆದರೆ ಅಲ್ಲೇ ನಿಲ್ಲಬೇಡಿ. ಸ್ವಂತ ಸ್ವಿಚ್ ಹಾಕಬೇಕಾದರೆ ರಾತ್ರಿ ಎದ್ದು ನೋಡುವ ಮೂರನೆಯ ವ್ಯಕ್ತಿಗೆ ಸಂಬಳ ಕೊಡುವಷ್ಟು ಲೈನ್ ಇರಬೇಕು. ನಮಗೆ ಅಷ್ಟು ಇನ್ನೂ ಆಗಿಲ್ಲ. ನಮ್ಮಷ್ಟು ದೊಡ್ಡವರಿಗೆ ಸರ್ವರ್ ಹತ್ತಿರ ಇರುವ, ನಂಬರ್ ಬಿಟ್ಟುಕೊಡುವ ವೈಟ್ ಲೇಬಲ್ ಸರಿ.

ಹಳೆಯ ಅಸ್ಟೆರಿಸ್ಕ್ ಸರ್ವರ್ ಇನ್ನೂ ರ‍್ಯಾಕ್‌ನಲ್ಲಿದೆ. ಐದು ನಿಮಿಷಕ್ಕೊಮ್ಮೆ ಅದು ಪ್ರತಿ ಟವರ್‌ಗೂ ಒಂದು ಪರೀಕ್ಷಾ ಕರೆ ಮಾಡುತ್ತದೆ. ಎಷ್ಟು ಪ್ಯಾಕೆಟ್ ಕಳೆಯಿತು, ಎಷ್ಟು ತಡವಾಯಿತು ಅಂತ ಬರೆದಿಡುತ್ತದೆ. ಹೋದ ವಾರ ಆ ಪಟ್ಟಿಯಲ್ಲಿ ಒಂದು ಟವರ್ ಕೆಂಪಾಯಿತು. ಆ ಟವರ್‌ನಲ್ಲೇ ಇರುವ ಕ್ಲಿನಿಕ್‌ಗೆ ನಾನೇ ಮೊದಲು ಕರೆ ಮಾಡಿದೆ. ‘ಇನ್ನೂ ಏನೂ ಗೊತ್ತಾಗಿಲ್ಲ ಸರ್’ ಅಂದರು. ಇಪ್ಪತ್ತು ನಿಮಿಷದಲ್ಲಿ ಸರಿ ಮಾಡಿದೆವು.