ಮೂಗಿನುಸಿರೋ, ಹೆಜ್ಜೆ ಎಣಿಸಿದ ಉಸಿರೋ?

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡದ ಏರು ಹತ್ತುವಾಗ ಪ್ರತಿ ಸಲವೂ ನನಗೆ ಬಲ ಪಕ್ಕೆ ಹಿಡಿಯುತ್ತಿತ್ತು. ಕಾಲಿನಲ್ಲಿ ಕಸುವಿತ್ತು, ಉಸಿರು ಸಾಲುತ್ತಿರಲಿಲ್ಲ. ಅರ್ಧ ಮ್ಯಾರಥಾನಿನ 21 ಕಿಲೋಮೀಟರ್ ಓಡಬೇಕೆಂದು ಹೊರಟವನು ನಾನು. ಉಸಿರಾಟದ ಎರಡು ಪದ್ಧತಿಗಳನ್ನು ಆರಾರು ವಾರ ಮಾಡಿ ನೋಡಿದೆ.

ಮೊದಲು ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಟ, ಬೇಕಲದ ಕಡಲ ಬದಿಯಲ್ಲಿ. ಕಿಲೋಮೀಟರಿಗೆ ಆರು ನಿಮಿಷದಲ್ಲಿ ಓಡುತ್ತಿದ್ದವನಿಗೆ ಮೊದಲ ವಾರ ಏಳೂವರೆ ಬೇಕಾಯಿತು. ಮೂಗು ಗಾಳಿಯನ್ನು ಸೋಸಿ, ತೇವಗೊಳಿಸಿ ಒಳಗೆ ಬಿಡುತ್ತದೆ ಎಂಬುದು ಸರಿಯೇ. ನನಗೆ ಅದಕ್ಕಿಂತ ದೊಡ್ಡ ಲಾಭವೆಂದರೆ, ವೇಗ ಸ್ವಲ್ಪ ಮಿತಿಮೀರಿದರೂ ಬಾಯಿ ತಾನಾಗಿ ತೆರೆದುಕೊಂಡು ನಿಧಾನಿಸೆಂದು ಎಚ್ಚರಿಸುತ್ತಿತ್ತು. ಸುಲಭದ ಓಟ ನಿಜಕ್ಕೂ ಸುಲಭವಾದದ್ದು ಆಗಲೇ. ಗುಂಪೆಯಲ್ಲಿ ಮಾತ್ರ ಈ ಪದ್ಧತಿ ನೂರು ಹೆಜ್ಜೆಯೂ ನಡೆಯಲಿಲ್ಲ. ಮಳೆಗಾಲದಲ್ಲಿ ಮೂಗು ಕಟ್ಟಿತೆಂದರೆ ಆ ದಿನ ಮುಗಿದಂತೆಯೇ.

ಎರಡನೆಯದು, ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಐದು ಬೆಸವಾದ್ದರಿಂದ ಉಸಿರು ಬಿಡಲು ಶುರುಮಾಡುವ ಹೆಜ್ಜೆ ಒಮ್ಮೆ ಎಡ, ಮತ್ತೊಮ್ಮೆ ಬಲ. ಚೆಂಡೆ ಕೇಳಿ ಬೆಳೆದ ಕಿವಿಗೆ ಈ ಎಣಿಕೆ ಬೇಗ ಒಗ್ಗಿತು. ಕಡಿದಾದ ಕಡೆ ಎರಡು-ಒಂದಕ್ಕೆ ಇಳಿಸುತ್ತಿದ್ದೆ. ಪಕ್ಕೆ ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಯಾಕೆಂದು ತೋರಿಸಿಕೊಟ್ಟವರು ಜೊತೆಗೆ ಓಡುವ ಹಿರಿಯರೊಬ್ಬರು. "ಉಸಿರು ಎಳೆಯುವಾಗ ನಿಮ್ಮ ಹೆಗಲು ಏಳ್ತದೆ, ಪಕ್ಕೆಲುಬು ಅಲ್ಲಾಡುವುದೇ ಇಲ್ಲ" ಎಂದರು. ಪಾದದ ಗಂಟು ಎಷ್ಟು ಮಡಚುತ್ತದೆಂದು ತಿಳಿಯಲು ಮನೆಯಲ್ಲಿ ಗೋಡೆಯಿಂದ ನಾಲ್ಕು ಬೆರಳಗಲ ಹಿಂದೆ ಕಾಲಿನ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ನೋಡಿದೆ. ಬಲ ಮಂಡಿ ತಾಗಿತು. ಎಡದ್ದು ತಾಗುವ ಮೊದಲೇ ಹಿಮ್ಮಡಿ ನೆಲ ಬಿಟ್ಟಿತು. ಪಾದದ ಗಂಟು ಮಡಚದಿದ್ದರೆ ಏರಿನಲ್ಲಿ ದೇಹ ಸೊಂಟದಲ್ಲೇ ಬಾಗುತ್ತದೆ. ಹೊಟ್ಟೆ ಒತ್ತಿಹೋಗಿ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಕೆಳಗಿಳಿಯಲು ಜಾಗ ಸಿಗುವುದಿಲ್ಲ. ನನ್ನ ಉಸಿರು ಅಲ್ಲಿ ಸಿಕ್ಕಿಬಿದ್ದಿತ್ತು!

ಅಂದಿನಿಂದ ಸಂಜೆ ಅಂಗಳದಲ್ಲಿ ಅಂಗಾತ ಮಲಗಿ, ಕಾಲು ಕುರ್ಚಿಯ ಮೇಲಿಟ್ಟು, ಕೆಳಪಕ್ಕೆಲುಬಿನ ಮೇಲೆ ಅಂಗೈ ಇಟ್ಟುಕೊಳ್ಳುತ್ತೇನೆ. ಪಕ್ಕೆಲುಬು ಕೆಳಗೆ ಜಾರುವ ತನಕ ಉದ್ದಕ್ಕೆ ಉಸಿರು ಬಿಡುತ್ತೇನೆ. ಹತ್ತು ಸಲ. ಆಮೇಲೆ ಒಂದು ಮಂಡಿಯೂರಿ ತೊಡೆಸಂದು ಹಿಗ್ಗಿಸುವುದು, ಗೋಡೆಯ ಮುಂದೆ ಎಡಗಾಲಿನ ಅಭ್ಯಾಸ.

ನನ್ನ ಮಟ್ಟಿಗೆ ನಿಧಾನ ಓಟದ ದಿನಕ್ಕೆ ಮೂಗು, ಏರಿಗೂ ಸ್ಪರ್ಧೆಗೂ ಹೆಜ್ಜೆ ಲೆಕ್ಕ. ಒಂದನ್ನೇ ಆರಿಸು ಎಂದರೆ ಎರಡೂ ಬಿಟ್ಟು ಅಂಗಳದ ಕಾಲು ಗಂಟೆಯನ್ನೇ ಉಳಿಸಿಕೊಳ್ಳುತ್ತೇನೆ. ಕಳೆದ ಭಾನುವಾರ ಗುಂಪೆಯ ತುದಿಯವರೆಗೂ ಪಕ್ಕೆ ಹಿಡಿಯಲಿಲ್ಲ. ಎಡ ಮಂಡಿಗೆ ಗೋಡೆ ಇನ್ನೂ ಒಂದು ಬೆರಳಗಲ ದೂರ.